ಸೆಕೆಂಡಿನ ಐದನೇ ಒಂದು ಪಾಲು

ಮಾರ್ಯೂರಿ ಏನು ಕೆಲಸ ಮಾಡುತ್ತಾಳೆಂದು ಅವಳ ತಾಯಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಅನ್ನುವುದೊಂದೇ ಅವಳ ಚಿಂತೆ. ವಿದೇಶಿ ವಿಡಿಯೋಗಳಿಗೆ ಸಬ್‌ಟೈಟಲ್ ಕೂರಿಸುತ್ತೇನೆ ಎಂದು ಮನೆಯಲ್ಲಿ ಹೇಳಿದ್ದಳು. ನಿಜ ಬೇರೆ ಇತ್ತು. ಕಣ್ಣಿಗೆ ವಿಆರ್ ಕನ್ನಡಕ ಕಟ್ಟಿಕೊಂಡು ನೋಡುವ ವಯಸ್ಕರ ವಿಡಿಯೋಗಳಿವೆಯಲ್ಲ, ಅವುಗಳ ಜೊತೆ ಮಿಡಿಯುವ ಆಟಿಕೆಗಳನ್ನೂ ಮಾರುತ್ತಾರೆ. ಚಿತ್ರದಲ್ಲಿ ಆದದ್ದು ಅದೇ ಗಳಿಗೆಗೆ ಆಟಿಕೆಯಲ್ಲೂ ಆಗಬೇಕು. ಕೊಂಚ ತಡವಾದರೆ ಮಜವೆಲ್ಲ ಮಣ್ಣುಪಾಲು. ಆ ತಡವನ್ನು ಅಳೆದು ಸರಿಪಡಿಸುವುದು, ದೋಸ್ಕೆಬ್ರಾದಾಸ್ ಪಟ್ಟಣದಲ್ಲಿ ಅವಳು ಹೊಲಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ, ಅವಳಿಗೆ ಸಿಕ್ಕ ಹೊಟ್ಟೆಪಾಡು.

ಕೆಲಸದಲ್ಲಿ ಅವಳ ದಾರಿಯೇ ಬೇರೆ. ಉಳಿದವರು ಕಣ್ಣಿಟ್ಟು ನೋಡಿ ಹೊಂದಿಸಿದರೆ ಇವಳು ನೋಡುತ್ತಿರಲಿಲ್ಲ. ಮೂವತ್ತಾರರ ಹೆಂಗಸಿಗೂ ನಾಚಿಕೆ! ಕಣ್ಣು ಮುಚ್ಚಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಆಟಿಕೆಯನ್ನು ಅಂಗೈಯಲ್ಲಿ ಹಿಡಿಯುತ್ತಿದ್ದಳು. ಕಿವಿಗೆ ಬಿದ್ದ ಸದ್ದೂ ಕೈಗೆ ಬಂದ ಮಿಡಿತವೂ ಒಂದಾಗುವ ತನಕ ಅಂಕಿಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದಳು. ಹದಿನಾಲ್ಕು ವರ್ಷ ಹೊಲಿಗೆ ಯಂತ್ರದ ಸದ್ದು ಕೇಳಿದ ಕಿವಿ, ತಪ್ಪುತ್ತಿರಲಿಲ್ಲ.

ಭಯಕ್ಕೆ ಕಾರಣ ಅಕ್ಕ ನಾಸ್ಲಿ. ಏಳು ವರ್ಷದ ಹಿಂದೆ ಅವಳು ಪೆರೇರಾ ನಗರದ ಅಂಥದೇ ವಿಡಿಯೋಗಳ ಒಂದು ಸ್ಟುಡಿಯೋದಲ್ಲಿ ಕ್ಯಾಮೆರಾ ಮುಂದೆ ಕೂರುತ್ತಾಳೆಂಬ ಸುದ್ದಿ ಬಂದ ದಿನವೇ ತಾಯಿ ದೋನ್ಯಾ ಫಾಬಿಯೋಲಾ ಅವಳ ಬಟ್ಟೆಯನ್ನು ಚೀಲಕ್ಕೆ ತುಂಬಿ ಬಾಗಿಲಾಚೆ ಇಟ್ಟಿದ್ದಳು. ಮತ್ತೆ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಒಂಬತ್ತು ದಿನದ ಹಿಂದೆ ಅಪ್ಪ ದೋನ್ ಅರ್ನುಲ್ಫೋ ತೀರಿಕೊಂಡಾಗಲೂ ಅವಳಿಗೆ ತಿಳಿಸಕೂಡದೆಂದು ಕಟ್ಟಪ್ಪಣೆಯಾಯಿತು. ಮಾರ್ಯೂರಿ ಆ ಚೀಲವನ್ನು ಮರೆತಿರಲಿಲ್ಲ.

ಸತ್ತವರಿಗಾಗಿ ಒಂಬತ್ತು ದಿನ ಮನೆಯಲ್ಲೇ ಜಪಸರ ಹೇಳಬೇಕು. ದಿನವೂ ಮಧ್ಯಾಹ್ನ ಮೂರಕ್ಕೆ ಓಣಿಯ ಹೆಂಗಸರು ಬಂದು ಮುಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಹಿಂದಿನ ಕೋಣೆಗೂ ಅದಕ್ಕೂ ನಡುವೆ ಒಂದು ತೆಳ್ಳನೆ ಹಲಗೆಯ ಗೋಡೆ, ಅಷ್ಟೇ. ಶವ ಎತ್ತಿದ ದಿನದ ನೂಕುನುಗ್ಗಲಲ್ಲಿ ಯಾರದೋ ಕುರ್ಚಿಯ ಕಾಲಿಗೆ ಸಿಕ್ಕಿ ಅವಳ ಹೆಡ್‌ಫೋನಿನ ತಂತಿ ತುಂಡಾಗಿತ್ತು. ಅವಳು ತಂತಿಯಿಲ್ಲದ್ದೊಂದನ್ನು ಕೊಂಡು, ಆ ದಿನಗಳಲ್ಲೇ ಆರು ವಿಡಿಯೋ ಮುಗಿಸಿ ಕಳಿಸಿದ್ದಳು.

ಒಂಬತ್ತನೇ ದಿನ ಜಪ ಶುರುವಾಗುವ ಹೊತ್ತಿಗೆ ಕೆಲಸ ಕೊಡುವ ಯೇಯ್ಸನ್ ಫೋನ್ ಮಾಡಿದ.

"ಏನಕ್ಕಾ ಇದು? ಆರಕ್ಕೆ ಆರೂ ತಡ! ಚಿತ್ರ ಮುಂದೆ, ಆಟಿಕೆ ಹಿಂದೆ. ಗಿರಾಕಿಗಳು ಬೈದು ಬರೀತಿದಾರೆ."

"ಸಾಧ್ಯಾನೇ ಇಲ್ಲ. ಕಿವಿಯಲ್ಲಿ ಕೇಳಿ ಹೊಂದ್ಸಿದೀನಿ."

"ಯಾವುದರಲ್ಲಿ ಕೇಳ್ದೆ? ತಂತಿ ಇಲ್ಲದ್ದರಲ್ಲಾ?"

ಅವಳು ಮೇಜಿನ ಮೇಲಿದ್ದ ಹೊಸ ಹೆಡ್‌ಫೋನಿನ ಕಡೆ ನೋಡಿದಳು. ತಂತಿಯಿಲ್ಲದ ಹೆಡ್‌ಫೋನಿಗೆ ಸದ್ದೇ ತಡವಾಗಿ ಬರುತ್ತದೆ, ಸೆಕೆಂಡಿನ ಐದನೇ ಒಂದು ಪಾಲಿನಷ್ಟು. ತಡವಾದ ಸದ್ದಿಗೆ ಮಿಡಿತ ಹೊಂದಿಸಿದ್ದಳು ಮಹಾತಾಯಿ! ಹೋಗಲಿ, ಅಷ್ಟನ್ನು ಕಳೆದುಬಿಡೋಣ ಅಂದರೆ ಆ ತಡವೂ ಒಂದೊಂದು ಸಲ ಒಂದೊಂದು ಥರ.

"ಸಂಜೆ ಐದರೊಳಗೆ ಆರೂ ಸರಿಯಾಗಿ ಬರಬೇಕು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತಾರಂತೆ. ನನ್ನ ಕೈಲೇನೂ ಇಲ್ಲಕ್ಕಾ."

ಪೇಟೆಗೆ ಹೋಗಿ ತಂತಿಯದ್ದು ತರೋಣವೆಂದರೆ, ಕೊನೆಯ ದಿನದ ಜಪ ಬಿಟ್ಟು ಮಗಳು ಹೊರಗೆ ಹೋದಳೆಂದು ಓಣಿಯೇ ಆಡಿಕೊಳ್ಳುತ್ತದೆ. ಉಳಿದದ್ದು ಒಂದೇ ದಾರಿ, ಕಂಪ್ಯೂಟರಿನ ಸ್ಪೀಕರನ್ನೇ ಹಚ್ಚುವುದು. ತಲೆ ನೋವೆಂದು ಸುಳ್ಳು ಹೇಳಿ ಅವಳು ಕೋಣೆಯ ಚಿಲಕ ಹಾಕಿಕೊಂಡಳು. ಸ್ಪೀಕರನ್ನು ಅಪ್ಪನ ಕಂಬಳಿಯಲ್ಲಿ ಸುತ್ತಿ, ಕಿವಿ ಅದಕ್ಕೇ ಅಂಟಿಸಿ ಕೂತಳು. ಮೊದಲ ನರಳಿಕೆ ಕೇಳಿದ್ದೇ ಸದ್ದು ಇಳಿಸಿದಳು. ಇಷ್ಟು ಸಣ್ಣ ಸದ್ದು ಗೋಡೆ ದಾಟಲಾರದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಸದ್ದು ಸಣ್ಣದಾದರೆ ಹೊಂದಿಸಲು ಬರುತ್ತಿರಲಿಲ್ಲ. ದೇವರೇ ಎಂದುಕೊಂಡು ಕೊಂಚ ಏರಿಸಿದಳು.

ಎರಡು ಮುಗಿದವು. ಮೂರನೆಯದರಲ್ಲಿ ಹೆಣ್ಣೊಬ್ಬಳು ಇದ್ದಕ್ಕಿದ್ದಂತೆ ಕಿರುಚಿಕೊಂಡಳು. ಮಾರ್ಯೂರಿ ಸ್ಪೀಕರಿನ ಮೇಲೇ ಬಿದ್ದು ಸದ್ದನ್ನು ಅದುಮಿದಳು.

ಗೋಡೆಯಾಚೆ ಜಪ ನಿಂತಿತ್ತು.

ಜಪ ಹೇಳಿಸುತ್ತಿದ್ದ ದೋನ್ಯಾ ರುಬಿಯೇಲಾಳ ದನಿ ಕೇಳಿಸಿತು: "ಅದೇನು ಫಾಬಿಯೋಲಾ, ಸದ್ದು?"

ಬಾಗಿಲಾಚೆ ತುಂಬಿ ನಿಂತ ಚೀಲ ಮಾರ್ಯೂರಿಯ ಕಣ್ಣ ಮುಂದೆ ಬಂತು.

"ಅರ್ನುಲ್ಫೋಗೆ ಕಿವಿ ಮಂದ ಇತ್ತಲ್ಲ," ಅಂದಳು ತಾಯಿ, "ನಾವು ಹಿಂಗೆ ಪಿಸುಗುಟ್ಟಿದ್ರೆ ಅಲ್ಲಿ ಅವನಿಗೇನು ಕೇಳ್ಸುತ್ತೆ? ಜೋರಾಗಿ ಹೇಳ್ರೇ! ಇನ್ನೂ ಜೋರಾಗಿ!"

"ಪ್ರಭುವೇ, ಅವನಿಗೆ ನಿತ್ಯ ವಿಶ್ರಾಂತಿ ಕೊಡು!" ಎಂದು ತಾನೇ ಮೊದಲು ಕೂಗಿದಳು. ಹನ್ನೆರಡು ಹೆಂಗಸರ ಗಂಟಲು ಒಟ್ಟಿಗೆ ತೆರೆದವು, ತಗಡಿನ ಮಾಡೇ ಅದುರಿತು. ಆ ಗದ್ದಲದಲ್ಲಿ ಕಿವಿಯನ್ನು ಸ್ಪೀಕರಿಗೆ ಒತ್ತಿ, ಮಾರ್ಯೂರಿ ಉಳಿದವನ್ನು ಮುಗಿಸಿದಳು. ನಾಲ್ಕೂ ಮುಕ್ಕಾಲಿಗೆ ಆರೂ ಹೋದವು. ಕೆಲಸ ಉಳಿಯಿತು. ಅವಳ ಭಯ ಮಾತ್ರ ಇಮ್ಮಡಿಯಾಯಿತು, ಯಾಕೆಂದರೆ ಈಗ ತಾಯಿಗೆ ಗೊತ್ತು.

ಹೆಂಗಸರು ಬೆಲ್ಲದ ನೀರು ಕುಡಿದು ಹೊರಟರು. ತಾಯಿ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ಮೇಜಿನ ಮೇಲೆ ಮುಚ್ಚಿಡಲು ಮರೆತಿದ್ದ ಆಟಿಕೆಯನ್ನು ಒಮ್ಮೆ ನೋಡಿ ಮುಖ ಬೇರೆ ಕಡೆ ತಿರುಗಿಸಿದಳು.

"ಬಟ್ಟೆ ಬಿಚ್ಬೇಕಾ ನೀನು?"

"ಇಲ್ಲಮ್ಮ. ಸದ್ದು ಹೊಂದ್ಸೋದು ಅಷ್ಟೇ. ಯಂತ್ರದ ಕೆಲಸ."

"ಯಾರಾದ್ರೂ ಮುಟ್ತಾರಾ?"

"ಯಾರೂ ಇಲ್ಲಮ್ಮ. ನಾನೊಬ್ಳೇ."

ತಾಯಿ ಜಪಸರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಮಾರ್ಯೂರಿ ಕಾಯುತ್ತಿದ್ದುದು 'ಎದ್ದು ಹೊರಡು' ಎಂಬ ಮಾತಿಗೆ.

"ಅವಳ ಹತ್ರ ಇಷ್ಟೂ ಕೇಳ್ಲಿಲ್ಲ ಕಣೇ ನಾನು," ಅಂದಳು ತಾಯಿ. ಮತ್ತೆ, "ಫೋನ್ ಮಾಡು. ನೀನು ಮಾತಾಡು. ನಾನು ಬರೀ ಕೇಳಿಸ್ಕೋತೀನಿ."

ಮಾರ್ಯೂರಿ ಫೋನ್ ತೆಗೆದಳು. ಅಕ್ಕನ ನಂಬರು ಏಳು ವರ್ಷದಿಂದ ಅದರಲ್ಲಿತ್ತು, ಒಮ್ಮೆಯೂ ಒತ್ತಿರಲಿಲ್ಲ. ಈಗ ಒತ್ತಿದಳು. ನಾಲ್ಕು ಸಲ ರಿಂಗಾಯಿತು. ತಾಯಿ ಮಗಳ ಹೆಗಲಿಗೆ ತಲೆ ತಂದು ಫೋನಿಗೆ ಕಿವಿ ಕೊಟ್ಟಳು.

ನಾಸ್ಲಿ ಹಲೋ ಅನ್ನಲಿಲ್ಲ.

"ಯಾರು ಹೋದ್ರು?" ಅಂದಳು.