ಚಾಚಾ ಗೆದ್ದ ಆಟ

ಮೊನ್ನೆ ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಯಾರದೋ ನಿಂಬೆಹಣ್ಣಿನ ಚೀಲ ಒಡೆಯಿತು. ಕಾಲಡಿ ಸಿಕ್ಕ ಹಣ್ಣುಗಳ ವಾಸನೆ ಬಸ್ಸೆಲ್ಲ ತುಂಬಿದಾಗ, ಇಂಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಾಚಾ ನೆನಪಾದರು. ಮಾರುಕಟ್ಟೆಯಲ್ಲಿ ದಿನವಿಡೀ ನಿಂಬೆ ಆರಿಸುತ್ತಿದ್ದ ಅವರ ಬೆರಳಿಗೆ ಅದೇ ವಾಸನೆ. ಸಂಜೆ ಕಟ್ಟೆಯ ಮೇಲೆ ಚದುರಂಗಕ್ಕೆ ಕೂತರೆ ಕಾಯಿಗಳಿಗೂ...

ನನಗಾಗ ಹದಿನಾರು. ರಾಣಿಗೆ ಅವರು ವಜೀರ ಎನ್ನುತ್ತಿದ್ದರು, ರಾಜನಿಗೆ ಬಾದಶಹ, ಪದಾತಿಗೆ ಪ್ಯಾದೆ, ಚೆಕ್ ಕೊಟ್ಟರೆ ಶಹ. ಉಳಿದ ಕಾಯಿಗಳೆಲ್ಲ ಹೋಗಿ ಎರಡೂ ಕಡೆ ವಜೀರರು ಉಳಿದರೆ ನನಗೆ ಪುಕುಪುಕು. ನನ್ನದೊಂದು ಪ್ಯಾದೆ ಹೆಚ್ಚಿದ್ದರೂ ಅವರ ವಜೀರ ಬಿಡುವಿಲ್ಲದೆ ಶಹ ಕೊಡುತ್ತಿತ್ತು. ನನ್ನ ರಾಜ ಅತ್ತಿಂದಿತ್ತ ಓಡಿ ಓಡಿ ಆಟ ಸಮವಾಗುತ್ತಿತ್ತು.

"ಅಂಜಿ ದೂರ ಓಡಬ್ಯಾಡ ಮಗಳ," ಎನ್ನುತ್ತಿದ್ದರು. "ನನ್ನ ಬಾದಶಹನ ಕಡೀಗೇ ನಡಕೋತ ಬಾ. ಆಗ ನಾ ಶಹ ಕೊಟ್ರ ನಿನ್ನ ವಜೀರ ಅಡ್ಡ ಬಂದು ನನಗ ತಿರುಗಿ ಶಹ ಕೊಡತೈತಿ. ವಜೀರಕ್ಕ ವಜೀರ ಹೋಗಿ ನಿನ್ನ ಪ್ಯಾದೆ ಉಳೀತೈತಿ, ನನ್ನ ಆಟ ಅಲ್ಲೇ ಮುಗೀತು."

ಮೂರು ವರ್ಷ ಕಲಿಸಿದರು. ಚಿಕ್ಕವಳೆಂದು ಒಂದು ನಡೆಯನ್ನೂ ಬಿಟ್ಟುಕೊಡಲಿಲ್ಲ.

ನಾನು ಸಿಂದಗಿಯಲ್ಲಿ ಕೆಲಸಕ್ಕಿದ್ದಾಗ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ನೋಡಲು ಹೋದರೆ ಎಡಗೈಯಿಂದ ಚದುರಂಗದ ಹಲಗೆ ತೋರಿಸಿದರು. ಆಡಿದೆವು. ಕೊನೆಗೆ ಇಬ್ಬರಿಗೂ ವಜೀರ, ಜೊತೆಗೆ ನನ್ನದೊಂದು ಪ್ಯಾದೆ. ಇನ್ನೊಂದೇ ಮನೆ ನಡೆದರೆ ಅದೂ ವಜೀರ. ಅವರು ಎಡಗೈಯಿಂದಲೇ ಶಹ ಕೊಡತೊಡಗಿದರು. ದಾರಿ ನನಗೆ ಕಾಣುತ್ತಿತ್ತು. ಅವರ ರಾಜನ ಕಡೆ ನಾಲ್ಕು ಹೆಜ್ಜೆ... ಆದರೆ ವಾಲಿದ ಆ ತುಟಿ ನೋಡಿ ಮನಸ್ಸು ಬರಲಿಲ್ಲ. ನನ್ನ ರಾಜನನ್ನು ಎರಡೇ ಮನೆಗಳ ನಡುವೆ ಹಿಂದೆ ಮುಂದೆ ಸರಿಸುತ್ತ ಕೂತೆ.

"ಸಮ ಆತು ಬಿಡ್ರಿ ಚಾಚಾ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ರಾಜನನ್ನು ತಾವೇ ಎತ್ತಿ, ಅದು ಹೋಗಬೇಕಿದ್ದ ಮನೆಯಲ್ಲಿಟ್ಟು, ಗೋಡೆಯ ಕಡೆ ಹೊರಳಿ ಮಲಗಿದರು. ಎಷ್ಟು ಕರೆದರೂ ತಿರುಗಲಿಲ್ಲ.

ನಾಲ್ಕನೆಯ ದಿನ ಅವರು ತೀರಿಕೊಂಡ ಸುದ್ದಿ ಬಂತು. ಹೋದಾಗ ಅವರ ಹೆಂಡತಿ, ನಮ್ಮ ಚಾಚಿ, ನನ್ನ ಕೈ ಹಿಡಿದುಕೊಂಡು, "ಅವತ್ತು ಯಾರು ಗೆದ್ರವಾ?" ಎಂದು ಕೇಳಿದರು. ನನ್ನ ಬಾಯಿಗೆ ಬಂದದ್ದು ಸುಳ್ಳು.

"ಚಾಚಾನ ಗೆದ್ರು."

ಈಗಲೂ ಇಂಡಿಗೆ ಹೋದರೆ ಅವರ ಮನೆಗೆ ಹೋಗುತ್ತೇನೆ. ಬಂದವರಿಗೆಲ್ಲ ಚಾಚಿ ನನ್ನನ್ನು ತೋರಿಸಿ, "ಒಂದ ಕೈಲೆ ಈಕಿನ್ನ ಸೋಲಿಸಿ ಹೋದ್ರು ನೋಡ್ರಿ," ಎನ್ನುತ್ತಾರೆ. ಹೌದೆಂದು ತಲೆಯಾಡಿಸಿ ಚಹಾ ಕುಡಿಯುತ್ತೇನೆ. ತಪ್ಪಾಯಿತೆಂದು ನಾನು ಯಾರಿಗೆ ಹೇಳಬೇಕೋ ಅವರು ಮಾತ್ರ ಆ ಮನೆಯಲ್ಲಿಲ್ಲ.