ಮೆಮೇರ್ ಹತ್ತದೆ ಬಿಟ್ಟಿದ್ದ ಬೆಟ್ಟ

ಲುಸಿಲ್ ಫೋರ್ಟಿಯರ್ ಅವರನ್ನು ನಮ್ಮ ಕಣಿವೆಯಲ್ಲಿ ಎಲ್ಲರೂ ಮೆಮೇರ್ ಎಂದೇ ಕರೆಯುತ್ತಾರೆ. ಕೆನಡಾ ಕಡೆಯಿಂದ ಗಿರಣಿ ಕೆಲಸಕ್ಕೆ ಬಂದು ನೆಲೆಸಿದವರ ಮನೆಗಳಲ್ಲಿ ಅಜ್ಜಿಗೆ ಹಾಗೆನ್ನುವುದು ರೂಢಿ. ಅವರಿಗೆ ಸ್ವಂತ ಮೊಮ್ಮಕ್ಕಳಿಲ್ಲ. ಬೆಟ್ಟಕ್ಕೆ ಬರುವವರೆಲ್ಲ ಸೇರಿ ಆ ಹೆಸರು ಕೊಟ್ಟಿದ್ದಾರೆ. ಕಾಗದದ ಗಿರಣಿ ಮುಚ್ಚುವವರೆಗೂ ಅವರು ಅಲ್ಲಿ ಕಾಗದದ ಸುರುಳಿ ಕಟ್ಟುತ್ತಿದ್ದರು. ಮುಚ್ಚಿದ ಮೇಲೆ ಸುಮ್ಮನೆ ಮನೆಯಲ್ಲಿ ಕುಳಿತಿರಲಾರದೆ ಟಿಲ್ಡನ್ ಬೆಟ್ಟದ ದಾರಿಯ ಕೆಳಭಾಗವನ್ನು ನೋಡಿಕೊಳ್ಳಲು ಒಪ್ಪಿಕೊಂಡರು. ಸಂಬಳವಿಲ್ಲದ ಕೆಲಸ.

ಬೆಟ್ಟದ ದಾರಿಗಳನ್ನು ನಮ್ಮಲ್ಲಿ ಹೀಗೆ ಭಾಗ ಮಾಡಿ ಒಬ್ಬೊಬ್ಬರು ವಹಿಸಿಕೊಳ್ಳುತ್ತಾರೆ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಲ್ಲು ಹೂತು, ಅದರ ಬದಿಗೆ ಕಾಲುವೆ ತೋಡಿರುತ್ತಾರೆ. ಮಳೆಯ ನೀರು ಅಲ್ಲಿ ತಿರುಗಿ ಕಾಡಿಗೆ ಹೋಗಬೇಕು. ಕಾಲುವೆಯಲ್ಲಿ ಎಲೆ ಮಣ್ಣು ತುಂಬಿದರೆ ದಾರಿಯೇ ಹಳ್ಳವಾಗುತ್ತದೆ. ಆಮೇಲೆ ಉಳಿಯುವುದು ಜಾರುವ ಕಲ್ಲು ಮತ್ತು ಬೇರು ಮಾತ್ರ. ಆದ್ದರಿಂದ ಗುದ್ದಲಿ ಹಿಡಿದು ಕಾಲುವೆ ತೆಗೆಯುತ್ತಲೇ ಇರಬೇಕು. ಒಬ್ಬರ ಭಾಗದಲ್ಲಿ ಇನ್ನೊಬ್ಬರು ಗುದ್ದಲಿ ಹಾಕುವಂತಿಲ್ಲ. ಹಾಕಿದರೆ ವರ್ಷಗಟ್ಟಲೆ ಮಾತು ಬಿಡುತ್ತಾರೆ.

ಮೆಮೇರ್ ಭಾಗ ಕಡಿದಾಗಿ ಏರುವ ಒಂದು ಹಾಸುಬಂಡೆಯ ಬುಡದಲ್ಲಿ ಮುಗಿಯುತ್ತದೆ. ಬಂಡೆಯಿಂದ ತುದಿಯವರೆಗಿನದು ಬರ್ಟ್ ವೆಕ್ಸ್‌ಲರ್ ಅವರದು. ಬೆಟ್ಟದ ಬುಡದಲ್ಲಿ ದಾರಿಯ ಸ್ಥಿತಿ ಬರೆಯುವ ಹಲಗೆಯೊಂದಿದೆ. ಎಲ್ಲಿ ಕೆಸರು, ಯಾವ ಕಲ್ಲು ಅಲುಗುತ್ತದೆ, ಹಳ್ಳದಲ್ಲಿ ನೀರು ಎಷ್ಟಿದೆ ಎಂದು ಮೆಮೇರ್ ಅದರ ಮೇಲೆ ಬರೆಯುತ್ತಾರೆ. ಕೊನೆಯ ಸಾಲು ಮಾತ್ರ ಯಾವಾಗಲೂ ಒಂದೇ: ‘ಬಂಡೆಯಿಂದ ಮೇಲಿನದನ್ನು ಬರ್ಟ್‌ನನ್ನು ಕೇಳಿ.’

ಏಕೆಂದರೆ ಅವರು ಆ ಬೆಟ್ಟದ ತುದಿಗೆ ಹೋದವರೇ ಅಲ್ಲ. ನಮ್ಮ ರಾಜ್ಯದ ಎತ್ತರದ ಶಿಖರಗಳನ್ನೆಲ್ಲ ಹತ್ತಿ ಮುಗಿಸಿದ್ದರು, ಟಿಲ್ಡನ್ ಒಂದನ್ನು ಬಿಟ್ಟು. ಅಲ್ಲಿಗೆ ಹೊರಟಾಗಲೆಲ್ಲ ಕೈಯಲ್ಲಿ ಗುದ್ದಲಿ ಇರುತ್ತಿತ್ತು. ಕಾಲುವೆಗಳನ್ನು ತೆಗೆಯುತ್ತಾ ಬಂಡೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಯಾರಾದರೂ ಕೇಳಿದರೆ, “ಕೊನೆಗಿರಲಿ ಅಂತ ಇಟ್ಕೊಂಡಿದೀನಿ” ಎನ್ನುತ್ತಿದ್ದರು.

ಈ ಶರತ್ಕಾಲದಲ್ಲಿ ಡಾಕ್ಟರು ಅವರ ಬಲಮಂಡಿ ಬದಲಿಸಬೇಕೆಂದರು. ಅದಾದ ಮೇಲೆ ಹಾಸುಬಂಡೆಯ ಆಸೆ ಬಿಡಿ ಎಂದೂ ಹೇಳಿದರು. ಆಪರೇಷನ್ ಸೋಮವಾರ, ಭಾನುವಾರವೇ ಆಸ್ಪತ್ರೆ ಸೇರಬೇಕು. ಉಳಿದದ್ದು ಶನಿವಾರ ಒಂದೇ. ವಾರವೆಲ್ಲ ಮಳೆ ಹೊಯ್ದು ಆ ಬೆಳಿಗ್ಗೆ ನಿಂತಿತ್ತು, ಬೆಟ್ಟಕ್ಕೆ ಮಂಜು ಕವಿದಿತ್ತು. ಬರ್ಟ್ ಮತ್ತು ಕೆಲವು ಗೆಳೆಯರು ಮೊದಲೇ ತುದಿಗೆ ಹೋಗಿದ್ದರು. ಕೊನೆಯ ಶಿಖರ ಮುಟ್ಟುವವರಿಗೆ ನಡೆಕೋಲುಗಳನ್ನು ಎತ್ತಿ ಕಮಾನು ಹಿಡಿಯುವುದು ನಮ್ಮ ಪದ್ಧತಿ.

ಬುಡದಲ್ಲಿ ಕಾರು ನಿಲ್ಲಿಸಿ ಮಗಳು ಜನೀನ್ ಕೈ ಚಾಚಿದಳು. ಅವಳು ಶಾಲೆಯ ಬಸ್ಸು ಓಡಿಸುತ್ತಾಳೆ.

“ಅಮ್ಮಾ, ಗುದ್ದಲಿ ಕೊಡು.”

“ಯಾವ ಗುದ್ದಲಿ?”

“ಬ್ಯಾಗಿಂದ ಕಾವು ಆಚೆ ಬಂದಿದೆ. ಅದೇನು ಬಾಲಾನಾ?”

ಗುದ್ದಲಿ ಕಾರಿನಲ್ಲೇ ಉಳಿಯಿತು. ಜನೀನ್ ಮುಂದೆ, ಮೆಮೇರ್ ನಡುವೆ, ಅವರ ಜೊತೆಗೆಂದು ಬಂದಿದ್ದ ನಾನು ಹಿಂದೆ. ಕಲ್ಲುಗಳ ಮೇಲೆ ಹಳದಿ ಎಲೆಗಳು ಅಂಟಿಕೊಂಡಿದ್ದವು. ಎಲೆಯ ಕೆಳಗೆ ಕಲ್ಲಿದೆಯೋ ಗುಂಡಿಯಿದೆಯೋ ತಿಳಿಯುತ್ತಿರಲಿಲ್ಲ. ಮೆಮೇರ್ ಕೋಲಿನಿಂದ ತಟ್ಟಿ ನೋಡಿ ಹೆಜ್ಜೆಯಿಡುತ್ತಿದ್ದರು. ಕೆಸರು ಬಂದಲ್ಲಿ ಜನೀನ್ ಅಂಚಿಗೆ ಸರಿದಳು.

“ನಡುವೆ ನಡಿಯೇ! ಅಂಚು ತುಳಿದ್ರೆ ದಾರಿ ಅಗಲ ಆಗತ್ತೆ. ಬಸ್ಸೂ ಹೀಗೇ ಚರಂಡಿ ಪಕ್ಕದಲ್ಲೇ ಓಡಿಸ್ತೀಯಾ?”

“ಶೂ ಒದ್ದೆ ಆಗತ್ತಮ್ಮಾ.”

“ಶೂ ಒಣಗತ್ತೆ.”

ಜನೀನ್ ಗೊಣಗುತ್ತಾ ಕೆಸರಿನ ನಡುವೆ ಇಳಿದಳು. ಸ್ವಲ್ಪ ದೂರ ಹೋಗಿ ಹಿಂತಿರುಗಿ ನೋಡಿದರೆ, ಮೆಮೇರ್ ಒಂದು ಕಾಲುವೆಯ ಬಳಿ ನಿಂತು ಎಡಗಾಲಿನ ಹಿಮ್ಮಡಿಯಿಂದ ಎಲೆ ಕೆರೆದು ತೆಗೆಯುತ್ತಿದ್ದರು.

“ಅಮ್ಮಾ!”

“ಎಡವಿದೆ.”

“ಒಂದೇ ಕಾಲುವೇಲಿ ನಾಲ್ಕು ಸಲಾನಾ?”

ಹೀಗೆ ಎಡವುತ್ತಲೇ ಅವರು ಬಂಡೆಯ ಬುಡಕ್ಕೆ ಬಂದರು. ಹಾಸುಬಂಡೆಯ ತುಂಬ ನೀರು ಹರಿಯುತ್ತಿತ್ತು. ಕಾಲಿಡುವ ಬಿರುಕು ಸಹ ಕಾಣುತ್ತಿರಲಿಲ್ಲ.

“ಸಾಕಮ್ಮಾ, ವಾಪಸ್ ಹೋಗೋಣ. ಇಲ್ಲಿ ಜಾರಿದ್ರೆ ಮಂಡಿ ಜೊತೆ ಸೊಂಟಾನೂ ಹೊಸದು ಹಾಕಿಸ್ಬೇಕಾಗತ್ತೆ” ಎಂದಳು ಜನೀನ್.

ಮೆಮೇರ್ ಒಂದು ಕಲ್ಲಿನ ಮೇಲೆ ಕುಳಿತರು. ಎಷ್ಟೋ ವರ್ಷ ಇದೇ ಕಲ್ಲಿನ ಮೇಲೆ ಕುಳಿತು ಕಾಫಿ ಕುಡಿದು ಹಿಂತಿರುಗಿದವರು. ಅವರು ನೀರಿಗೆ ಬೊಗಸೆಯೊಡ್ಡಿ ನೋಡಿದರು. ನೀರು ಕಂದು ಬಣ್ಣವಾಗಿತ್ತು, ಅದರಲ್ಲಿ ಸ್ಪ್ರೂಸ್ ಮರದ ಸೂಜಿಯೆಲೆಗಳು ತೇಲುತ್ತಿದ್ದವು. ಅವರ ಮುಖ ಅರಳಿತು.

“ಇದು ಬಂಡೆ ನೀರಲ್ಲ ಕಣೇ. ದಾರಿ ನೀರು. ಬರ್ಟ್‌ದು!”

ಅಷ್ಟರಲ್ಲಿ ಬಂಡೆಯ ಮೇಲಂಚಿನಲ್ಲಿ ಕೆಂಪು ಟೋಪಿ ಕಾಣಿಸಿತು. ತಡವಾಯಿತೆಂದು ಬರ್ಟ್ ಹುಡುಕಿಕೊಂಡು ಕೆಳಗೆ ಬಂದಿದ್ದರು.

“ಏನ್ ಲುಸಿಲ್, ಅಲ್ಲೇ ಮನೆ ಕಟ್ತಿದೀಯಾ? ಮೇಲೆ ಎಲ್ಲಾ ಕೋಲು ಹಿಡ್ಕೊಂಡು ನಡುಗ್ತಿದಾರೆ!”

“ನಿನ್ನ ಕಾಲುವೆ ಕಟ್ಕೊಂಡಿದೆ, ಬರ್ಟ್!”

“ನನ್ನದಾ? ಹೋದ ವಾರ ತಾನೇ ತೆಗ್ದಿದೀನಿ!”

“ಹಾಗಾದ್ರೆ ಇಲ್ಲಿ ಹರೀತಿರೋದೇನು, ನಿನ್ನ ಕಣ್ಣೀರಾ?”

ಕೆಂಪು ಟೋಪಿ ಮಾಯವಾಯಿತು. ಮೇಲೆ ಕೊಂಬೆ ಮುರಿಯುವ ಸದ್ದು, ಬರ್ಟ್ ಬೈಯುವ ಸದ್ದು ಕೇಳಿಸಿತು. ಗಾಳಿಗೆ ಬಿದ್ದ ಮರವೊಂದು ಕಾಲುವೆಗೆ ಅಡ್ಡಲಾಗಿ ಕುಳಿತಿತ್ತಂತೆ. ಸಂಭ್ರಮಕ್ಕೆ ಹೊರಟಿದ್ದರಿಂದ ಅವರ ಬಳಿಯೂ ಗುದ್ದಲಿ ಇರಲಿಲ್ಲ. ಬೆಳಿಗ್ಗೆ ಆ ಮರವನ್ನು ದಾಟಿಕೊಂಡೇ ಹೋಗಿದ್ದರು, ಇಸ್ತ್ರಿ ಮಾಡಿದ ಅಂಗಿ ಕೊಳೆಯಾಗಬಾರದೆಂದು. ಈಗ ಕೊಂಬೆಗಳನ್ನು ಮುರಿದು, ಅವಕ್ಕೆ ಸಿಕ್ಕಿಕೊಂಡಿದ್ದ ಎಲೆ ಮಣ್ಣನ್ನು ಬರಿಗೈಯಲ್ಲೇ ಬಗೆದರು. ಮೊದಲು ಕೆಸರು ನೀರು ರಭಸದಿಂದ ಬಂತು. ಆಮೇಲೆ ಹರಿವು ಸಣ್ಣದಾಗುತ್ತಾ ಬಂತು. ಕೊನೆಗೆ ಅಲ್ಲಲ್ಲಿ ಎಳೆ ಎಳೆಯಾಗಿ ತೊಟ್ಟಿಕ್ಕತೊಡಗಿತು. ಬಿರುಕುಗಳು ಕಾಣಿಸಿದವು.

ಬಂಡೆ ಇನ್ನೂ ಒದ್ದೆಯಾಗಿತ್ತು. ನಾವಾದರೆ ಮಂಡಿಯೂರಿ ಹತ್ತುತ್ತಿದ್ದೆವು. ಮೆಮೇರ್ ಮಂಡಿ ಊರುವಂತಿರಲಿಲ್ಲ. ಅವರು ಒಂದು ಕ್ಷಣ ಯೋಚಿಸಿ, ಬಂಡೆಗೆ ಬೆನ್ನು ಮಾಡಿ ಕುಳಿತುಬಿಟ್ಟರು. ಎರಡು ಅಂಗೈ ಹಿಂದೆ ಊರಿ, ಎಡಗಾಲನ್ನು ಬಿರುಕಿಗೆ ಒತ್ತಿ, ಕುಳಿತಂತೆಯೇ ಒಂದು ಗೇಣು ಮೇಲೇರಿದರು. ಮತ್ತೆ ಒಂದು ಗೇಣು. ಪಾಚಿಯ ಕಪ್ಪು ಜಾಗ ಬಿಟ್ಟು, ಕೈಗೆ ತರಿ ತರಿ ಸಿಗುವ ಬಿಳಿ ಜಾಗವನ್ನೇ ತಡವಿ ಹುಡುಕುತ್ತಿದ್ದರು. ಜನೀನ್ ಕೆಳಗಿನಿಂದ ಅವರ ಬೂಟಿಗೆ ಭುಜ ಕೊಟ್ಟಳು.

“ಅಮ್ಮಾ, ಪ್ಯಾಂಟು ಹರೀತು.”

“ಹರೀಲಿ ಬಿಡೇ. ಹಿಂದೆ ನೋಡೋನು ಬರ್ಟ್ ಒಬ್ನೇ.”

“ನಾನು ಕಣ್ಣು ಮುಚ್ಕೊಂಡಿದೀನಿ!” ಎಂದು ಮೇಲಿನಿಂದ ಕೂಗು ಬಂತು.

ಅರ್ಧ ಏರಿದಾಗ ಮಂಜು ಸ್ವಲ್ಪ ಸರಿಯಿತು. ಮೆಮೇರ್ ಕೈ ನಿಲ್ಲಿಸಿದರು. ಕೆಳಗೆ ಮರಗಳ ನಡುವೆ ಅವರ ದಾರಿ ಕಾಣುತ್ತಿತ್ತು. ಕಾಲುವೆ ಕಾಲುವೆಯಲ್ಲೂ ನೀರು ಬೆಳ್ಳಗೆ ಮಿನುಗಿ, ತಿರುಗಿ ಕಾಡಿಗೆ ಹೋಗುತ್ತಿತ್ತು. ಒಂದು ಕಡೆಯೂ ಅದು ದಾರಿಯಲ್ಲಿ ನಿಂತಿರಲಿಲ್ಲ. ಅಷ್ಟೂ ವರ್ಷದ ಕೆಲಸವನ್ನು ಒಟ್ಟಿಗೆ ಅವರು ನೋಡಿದ್ದು ಆಗಲೇ. ಆಮೇಲೆ ಮತ್ತೆ ಅಂಗೈ ಊರಿದರು.

ಮೇಲಂಚಿನಲ್ಲಿ ಬರ್ಟ್ ಮೊಣಕೈವರೆಗೂ ಕೆಸರಾದ ಕೈ ನೀಡಿದರು. ಮೆಮೇರ್ ಆ ಕೈಯನ್ನು ನೋಡಿ, “ಈಗ ನೋಡು, ಕೆಲಸ ಮಾಡಿದೋನ ಹಾಗೆ ಕಾಣ್ತೀಯ” ಎಂದು ಹಿಡಿದುಕೊಂಡು ಎದ್ದು ನಿಂತರು.

ತುದಿಯಲ್ಲಿ ಬರೀ ಮಂಜು. ಚಳಿಗೆ ಅದುರುತ್ತಿದ್ದ ಕೋಲುಗಳ ಕಮಾನಿನ ಕೆಳಗೆ ಹರಿದ ಪ್ಯಾಂಟಿನಲ್ಲಿ, ಕುಂಟುತ್ತಾ, ರಾಣಿಯ ಹಾಗೆ ತಲೆಯೆತ್ತಿ ನಡೆದು ಅವರು ತುದಿಯ ಕಲ್ಲನ್ನು ಎರಡೂ ಕೈಯಿಂದ ಮುಟ್ಟಿದರು. ಎಲ್ಲರೂ ಕೂಗಿದ ಕೂಗಿಗೆ ಹಕ್ಕಿಗಳು ಎದ್ದವು. ಸಂಭ್ರಮಕ್ಕೆಂದು ತಂದಿದ್ದ ಬ್ಲೂಬೆರಿ ಹಣ್ಣಿನ ಪೈ ಚೀಲದಲ್ಲೇ ಅಪ್ಪಚ್ಚಿಯಾಗಿತ್ತು. ಬೆರಳಿನಲ್ಲೇ ತೆಗೆದು ತಿಂದೆವು.

“ಇಷ್ಟೆಲ್ಲಾ ಕಷ್ಟಪಟ್ಟು ಬಂದ್ರಿ, ಏನೂ ಕಾಣ್ಲಿಲ್ವಲ್ಲ ಮೆಮೇರ್” ಎಂದು ಯಾರೋ ಮರುಗಿದರು.

“ನೋಡೋದನ್ನೆಲ್ಲ ನಾನು ಬರ್ತಾನೇ ನೋಡ್ಕೊಂಡು ಬಂದೆ” ಎಂದರು ಬಾಯಿ ತುಂಬ ಪೈ ಇಟ್ಟುಕೊಂಡು.

ಇಳಿಯುವಾಗಲೂ ಬಂಡೆಯ ಮೇಲೆ ಕುಳಿತೇ ಇಳಿದರು, ಈ ಸಲ ನಗುತ್ತಾ. ಬುಡಕ್ಕೆ ಬಂದಾಗ ಕಾರು ಹತ್ತುವ ಮೊದಲು ಹಲಗೆಯ ಬಳಿಗೆ ಹೋದರು. ಹಳೆಯದನ್ನು ತೋಳಿನಿಂದ ಒರೆಸಿ, ನಿಧಾನವಾಗಿ ಬರೆದರು:

‘ಕೆಸರಿದೆ, ನಡುವೆಯೇ ನಡೆಯಿರಿ. ಹಾಸುಬಂಡೆ ಒದ್ದೆ, ಕಪ್ಪು ಜಾಗ ತುಳಿಯಬೇಡಿ. ನಿಂತು ಆಗದಿದ್ದರೆ ಕುಳಿತು ಹತ್ತಿ. ಮೇಲಿನ ಕಾಲುವೆ ಶುಚಿಯಾಗಿದೆ, ಬರ್ಟ್ ಕೈಯಾರೆ ತೆಗೆದದ್ದು. ತುದಿಯವರೆಗೂ ದಾರಿ ಚೆನ್ನಾಗಿದೆ. ನಾನೇ ನೋಡಿದ್ದೇನೆ.’