ಪಂದ್ಯದ ದಿನದ ಟಿಕೆಟ್ ಕಿಟಕಿ

ಕ್ರಿಕೆಟ್ಟನ್ನು ನಾನು ಕಲಿತದ್ದು ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕುಳಿತು. ನವುಲೆಯ ಕ್ರೀಡಾಂಗಣದಲ್ಲಿ ರಾಜ್ಯ ತಂಡದ ನಾಲ್ಕು ದಿನಗಳ ಪಂದ್ಯ ನಡೆಯುವಾಗ ನಾನು ಊರಿನ ಇನ್ನೊಂದು ತುದಿಯಲ್ಲಿ, ಶಿವಮೊಗ್ಗ ರೈಲು ನಿಲ್ದಾಣದ ಕೌಂಟರಿನಲ್ಲಿ ಇರುತ್ತಿದ್ದೆ. ಒಂದು ಚೆಂಡನ್ನೂ ಕಣ್ಣಾರೆ ಕಂಡವಳಲ್ಲ. ಆದರೆ ಸಂಜೆ ಭದ್ರಾವತಿಗೆ ವಾಪಸಾಗುವವರ ಸಾಲು ನೋಡಿದರೆ ಸಾಕು, ಮೈದಾನದಲ್ಲಿ ಏನಾಗಿದೆ ಎಂದು ಹೇಳಿಬಿಡುತ್ತಿದ್ದೆ. ಗೆದ್ದ ದಿನ ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ, ಕೊಟ್ಟ ಚಿಲ್ಲರೆಯನ್ನು ಬಿಟ್ಟು ಹೋಗುತ್ತಾರೆ. ಸೋಲುವ ದಿನ ಅರ್ಧ ಜನ ಮಧ್ಯಾಹ್ನವೇ ಬಂದು ಪ್ಲಾಟ್‌ಫಾರಂ ಬೆಂಚಿನ ಮೇಲೆ ಮಲಗಿರುತ್ತಾರೆ. ಡ್ರಾ ಆದರೆ ಇಬ್ಬರು ಮೂವರಾಗಿ, ಮದುವೆಗೆ ಹೋಗಿ ಊಟ ಸಿಗದೆ ಬಂದವರ ಹಾಗೆ ಬರುತ್ತಾರೆ.

ನನ್ನ ಗಂಡ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನಾನು ದಿನವೂ ಬೆಳಗಿನ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ರಾತ್ರಿ ಎಂಟು ಗಂಟೆಯ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಪಂದ್ಯವಿದ್ದಾಗ ಮಾತ್ರ ಅವರೂ ರಜೆ ಹಾಕಿ ಅದೇ ಬೆಳಗಿನ ರೈಲಿಗೆ ಬರುತ್ತಿದ್ದರು. ಜೊತೆಗೆ ನ್ಯೂ ಟೌನಿನ ಅರ್ಧ ಗಂಡಸರು. ಗಂಡನ ಜೊತೆ ಪ್ರಯಾಣ ಎಂದು ಯಾರಾದರೂ ಹೊಟ್ಟೆಕಿಚ್ಚು ಪಟ್ಟಿದ್ದರೆ ಅದು ವ್ಯರ್ಥ. ಅವರು ಬಾಗಿಲ ಬಳಿ ಗುಂಪಿನ ನಡುವೆ ನಿಂತು ಯಾರು ಮೊದಲು ಬೌಲಿಂಗ್ ಮಾಡಬೇಕೆಂದು ಕೂಗಾಡುತ್ತಿದ್ದರು. ನಾನು ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದೆ. ಇಪ್ಪತ್ತು ನಿಮಿಷ ಅಷ್ಟೇ, ಶಿವಮೊಗ್ಗ ಬಂದುಬಿಡುತ್ತಿತ್ತು.

ಈ ಭದ್ರಾವತಿಯವರಿಗೆ ಒಂದು ಪದ್ಧತಿ ಇತ್ತು. ಪಂದ್ಯಕ್ಕೆ ಹೋಗುವಾಗ ಯಾರೂ ವಾಪಸ್ ಟಿಕೆಟ್ ಕೊಳ್ಳಬಾರದು. ಬೆಳಿಗ್ಗೆಯೇ ಹೋಗಿಬರುವ ಟಿಕೆಟ್ ಕೊಂಡರೆ ನಮ್ಮ ತಂಡ ಬೇಗ ಔಟಾಗುತ್ತದೆ ಎಂಬುದು ಅವರ ನಂಬಿಕೆ. "ಬೇಗ ಮನೆಗೆ ಹೋಗ್ಬೇಕು ಅಂತ ನಾವೇ ಟಿಕೆಟ್ ಜೇಬಲ್ಲಿ ಇಟ್ಕೊಂಡು ಕೂತ್ರೆ, ಬ್ಯಾಟ್ಸ್‌ಮನ್ನಿಗೂ ಅದೇ ಬುದ್ಧಿ ಬರುತ್ತೆ ಮಾರಾಯ್ತಿ" ಎಂದು ನನ್ನ ಗಂಡನೇ ನನಗೆ ಶಾಸ್ತ್ರ ಹೇಳಿದ್ದರು. ಯಂತ್ರದ ಬೋಲ್ಟು ಬಿಗಿಮಾಡುವ ಮನುಷ್ಯ, ದೇವಸ್ಥಾನದ ಪ್ರಸಾದವನ್ನೂ ಸಿಹಿ ಇದೆಯೇ ಎಂದು ನೋಡಿ ತಿನ್ನುವವರು, ಇದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು.

ನಂಬಿಕೆ ಅವರದು, ಪಾಡು ನನ್ನದು. ಆಟ ಮುಗಿದ ಮೇಲೆ ಸಂಜೆಯ ಪ್ಯಾಸೆಂಜರಿಗೆ ಉಳಿಯುತ್ತಿದ್ದದ್ದು ಮುಕ್ಕಾಲು ಗಂಟೆ. ನವುಲೆಯಿಂದ ಸಿಟಿ ಬಸ್ಸು ಹಿಡಿದು ಬಂದ ಅಷ್ಟೂ ಜನ ಒಂದೇ ಸಲ ನನ್ನ ಕಿಟಕಿಗೆ ಮುತ್ತುತ್ತಿದ್ದರು. ಮೊದಲ ವರ್ಷ ಅದೊಂದು ಜಾತ್ರೆಯೇ ಸರಿ. ಒಬ್ಬರ ಕಂಕುಳ ಕೆಳಗಿಂದ ಇನ್ನೊಬ್ಬರ ಕೈ, ಆ ಕೈಯಲ್ಲಿ ಒದ್ದೆಯಾದ ನೋಟು. ತೀರ್ಥಹಳ್ಳಿಯಿಂದ ಮಗುವನ್ನೆತ್ತಿಕೊಂಡು ಬಂದ ಹೆಂಗಸೊಬ್ಬಳು ಕಿಟಕಿಯ ಹತ್ತಿರವೂ ಬರಲಾಗದೆ ಅತ್ತಳು. ಅರ್ಧ ಜನ ಟಿಕೆಟ್ ಇಲ್ಲದೆ ಹತ್ತಿದರು, ಇನ್ನರ್ಧ ಜನ ರೈಲು ಹೊರಟ ಮೇಲೆ ನನ್ನನ್ನು ಬೈದರು. ಆ ದಿನ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಂಡನ ಮೇಲೆ ಹರಿಹಾಯ್ದೆ.

"ನಿಮ್ಮ ಊರವರಿಗೆ ಮರ್ಯಾದೆ ಇದ್ಯೇನ್ರೀ? ನನ್ನ ಕೈ ನೋಡಿ, ಇನ್ನೂ ನಡುಗ್ತಿದೆ."

ಅವರು ಕೈ ನೋಡಿದರು. ಅಂದು ಸಾರಿಗೆ ಅವರೇ ಒಗ್ಗರಣೆ ಹಾಕಿದರು, ಅದೂ ಸೀಯಿತು.

ಮುಂದಿನ ಪಂದ್ಯಕ್ಕೆ ಒಂದು ವ್ಯವಸ್ಥೆ ಮಾಡಿದೆವು. ಮಾಡಿದೆವು ಎಂದರೆ ನಾನು ಹೇಳಿದೆ, ಎಲ್ಲರೂ ಕೇಳಿದರು ಎಂದೇ ನಾನು ತಿಳಿದುಕೊಂಡಿದ್ದೆ. ನಾಲ್ಕು ಜನಕ್ಕೆ ಒಂದೇ ಟಿಕೆಟ್ ಕೊಡಬಹುದು, ಹಾಗಾಗಿ ನಾಲ್ವರಿಗೆ ಒಬ್ಬರು ಮಾತ್ರ ಸಾಲಿಗೆ ಬರಬೇಕು, ಚಿಲ್ಲರೆ ಕೈಯಲ್ಲಿರಬೇಕು. ಪಂದ್ಯದ ಸಂಜೆ ಪಕ್ಕದ ಕೌಂಟರನ್ನೂ ತೆರೆಯಲು ನಮ್ಮ ಸೂಪರ್‌ವೈಸರನ್ನು ಒಪ್ಪಿಸಿದೆ. ಸ್ಟೇಷನ್ ಮಾಸ್ಟರಿಗೆ ಬೆಳಿಗ್ಗೆಯೇ ತಿಳಿಸುತ್ತಿದ್ದೆ, ಜನ ಹೆಚ್ಚಿರುತ್ತಾರೆಂದು ಅವರು ರೈಲುಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲಿಗೆ ಹೇಳುತ್ತಿದ್ದರು. ಮಧ್ಯಾಹ್ನ ನನ್ನ ಗಂಡ ಮೈದಾನದಿಂದ ಫೋನು ಮಾಡುತ್ತಿದ್ದರು. "ಇನ್ನೂ ಐದು ವಿಕೆಟ್ ಇದೆ, ಜನ ಏಳಲ್ಲ. ನೀನು ಊಟ ಮಾಡ್ಬಿಡು" ಎನ್ನುತ್ತಿದ್ದರು. ಒಂದು ಸಲ ತಂಡ ಊಟಕ್ಕೆ ಮೊದಲೇ ಉದುರಿಹೋದಾಗ, "ಊಟ ಬಿಟ್ಟು ಕೂತ್ಕೋ, ಬರ್ತಾ ಇದ್ದಾರೆ" ಎಂದು ಎಚ್ಚರಿಸಿದವರೂ ಅವರೇ.

ಸಂಜೆ ನನ್ನ ಕಿಟಕಿಗೆ ಮೊದಲು ಬರುತ್ತಿದ್ದ ಮುಖವೂ ಅವರದೇ. ಬೆವರಿರುತ್ತಿದ್ದರು. ಎಲ್ಲರೆದುರಿಗೆ ನನ್ನನ್ನು ಗುರುತೇ ಇಲ್ಲದವರಂತೆ, "ಮೇಡಂ, ಭದ್ರಾವತಿ, ನಾಲ್ಕು" ಎನ್ನುತ್ತಿದ್ದರು. ನಾನೂ ಗಂಭೀರವಾಗಿ ಟಿಕೆಟ್ ತಳ್ಳುತ್ತಿದ್ದೆ. ಒಮ್ಮೆ ಮೆಲ್ಲಗೆ, "ಸೀಟಿಗೋಸ್ಕರ ಎಲ್ಲರಿಗಿಂತ ಮುಂಚೆ ಓಡಿ ಬಂದ್ರಾ?" ಎಂದು ಕೆಣಕಿದೆ. "ಹೂಂ ಮತ್ತೆ, ನಿಂತ್ಕೊಂಡು ಹೋಗೋಕೆ ನನಗೇನು ಹುಚ್ಚಾ?" ಎಂದರು. ಪಕ್ಕಕ್ಕೆ ಸರಿದು ಹಿಂದಿನವರನ್ನು, "ಚಿಲ್ಲರೆ ತಗೀರೋ" ಎಂದು ಗದರಿಸುತ್ತಿದ್ದರು. ನಾನು ಮನೆಗೆ ಬಂದಾಗ ಊಟಕ್ಕೆ ಕೂತು ಕೊನೆಯ ಓವರುಗಳ ಕಥೆ ಹೇಳುತ್ತಿದ್ದರು, ಯಾರು ಹೇಗೆ ಬಿದ್ದ, ಕ್ಯಾಚ್ ಹೇಗೆ ಕೈತಪ್ಪಿತು ಎಂದೆಲ್ಲ. ಚಪಾತಿ ತಣ್ಣಗಾಗುತ್ತಿತ್ತು.

ಒಂದು ತಪ್ಪು ನಾನೂ ಮಾಡಿದ್ದೇನೆ. ಒಂದು ಬೆಳಿಗ್ಗೆ ಅವರಿಗೆ ಜ್ವರದ ಮೈ. ಸಂಜೆ ಸಾಲಿನಲ್ಲಿ ನಿಲ್ಲುವ ಕಷ್ಟ ಬೇಡವೆಂದು ಭದ್ರಾವತಿಯ ಕೌಂಟರಿನಲ್ಲಿ ಗುಟ್ಟಾಗಿ ಹೋಗಿಬರುವ ಟಿಕೆಟ್ ಮಾಡಿಸಿ, ಅವರ ಅಂಗಿಯ ಜೇಬಿಗೆ ತುರುಕಿದೆ. ಮಧ್ಯಾಹ್ನ ತಂಡ ಮಕಾಡೆ ಮಲಗಿತು. ಯಾರ ಜೇಬಿನಲ್ಲಿ ಏನಿದೆ ಎಂದು ನ್ಯೂ ಟೌನಿನವರೆಲ್ಲ ಜೇಬು ತಡಕಿದರಂತೆ. ಮಾತ್ರೆಗೆಂದು ಕೈಹಾಕಿದ ನನ್ನ ಗಂಡನಿಗೆ ಟಿಕೆಟ್ ಸಿಕ್ಕಿತು. ಸಂಜೆ ಅದೇ ಜ್ವರದ ಮುಖ ಹೊತ್ತು ಕಿಟಕಿಗೆ ಬಂದು, ಆ ಟಿಕೆಟ್ಟನ್ನು ನನ್ನ ಮುಂದಿಟ್ಟು, ಹೊಸದಾಗಿ "ಭದ್ರಾವತಿ, ನಾಲ್ಕು" ಎಂದರು. ಮನೆಯಲ್ಲಿ ಎರಡು ದಿನ ಮಾತಿಲ್ಲ. ನನಗೂ ರೋಸಿಹೋಯಿತು. "ನಿಮಗೆ ನನಗಿಂತ ಮ್ಯಾಚೇ ಹೆಚ್ಚು" ಎಂದೆ.

"ಮ್ಯಾಚ್ ಆದ್ರೆ ನಾಲ್ಕು ದಿನಕ್ಕೆ ಮುಗಿಯುತ್ತೆ, ನೀನು ಮುಗಿಯಲ್ಲ" ಎಂದು ನಕ್ಕರು. ನಗು ಬಂದರೂ ನಾನು ನಗಲಿಲ್ಲ. ಏಕೆಂದರೆ ನನ್ನ ಮಾತು ತಮಾಷೆಯದ್ದಾಗಿರಲಿಲ್ಲ. ಅವರು ಅಷ್ಟೊಂದು ಪ್ರೀತಿಸುವ ಆ ಜಾಗದಲ್ಲಿ, ಅವರ ಪಕ್ಕದಲ್ಲಿ, ಒಂದು ದಿನ ಕೂರಬೇಕೆಂಬ ಆಸೆ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಪಂದ್ಯದ ದಿನವೇ ನನಗೆ ರಜೆ ಸಿಗುವುದಿಲ್ಲ, ಏಕೆಂದರೆ ಪಂದ್ಯದ ದಿನದ ಕೆಲಸ ನನ್ನದೇ. ಕೇಳಿದಾಗಲೆಲ್ಲ ಅವರು, "ನೀನು ರಿಟೈರ್ ಆಗು. ಮೊದಲನೇ ಮ್ಯಾಚಿಗೇ ಕರ್ಕೊಂಡು ಹೋಗ್ತೀನಿ, ಕಡಲೆಕಾಯಿ ಕೊಡಿಸ್ತೀನಿ" ಎನ್ನುತ್ತಿದ್ದರು. ನಾನು ವರ್ಷಗಳನ್ನು ಎಣಿಸುತ್ತಿದ್ದೆ.

ನನ್ನ ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿರುವಾಗ, ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ನಡೆದು ಬರಲಿಲ್ಲ.

ಆ ಹದಿನಾಲ್ಕು ತಿಂಗಳನ್ನು ಹೇಗೆ ಕಳೆದೆನೋ ನನಗೇ ತಿಳಿಯದು. ಆ ಹೊತ್ತಿಗೆ ಜನ ಮೊಬೈಲಿನಲ್ಲೇ ಟಿಕೆಟ್ ತೆಗೆಯುವುದು ಹೆಚ್ಚಾಗಿತ್ತು. ಭದ್ರಾವತಿಯ ಹೊಸ ಹುಡುಗರೂ ಪದ್ಧತಿ ಬಿಟ್ಟಿರಲಿಲ್ಲ, ಆಟ ಮುಗಿದ ಮೇಲೆಯೇ ಫೋನು ಒತ್ತುತ್ತಿದ್ದರು. ಪಂದ್ಯದ ಸಂಜೆ ನನ್ನ ಕಿಟಕಿಯ ಮುಂದೆ ಏಳೆಂಟು ಜನ ಹಳಬರು ಮಾತ್ರ. ಒಂದು ಕಾಲದಲ್ಲಿ ಶಪಿಸುತ್ತಿದ್ದ ಆ ನೂಕುನುಗ್ಗಲಿಗೆ ನಾನು ಹಂಬಲಿಸುವ ದಿನ ಬಂದೀತೆಂದು ಯಾರು ಎಣಿಸಿದ್ದರು? ಸಾಲಿನಲ್ಲಿ ಯಾರಾದರೂ "ಭದ್ರಾವತಿ, ನಾಲ್ಕು" ಎಂದರೆ ತಲೆಯೆತ್ತಿ ನೋಡುವ ಚಾಳಿ ಕೊನೆಯ ದಿನದವರೆಗೂ ಹೋಗಲಿಲ್ಲ.

ನಿವೃತ್ತಳಾದ ಮೇಲೆ ಬಂದ ಮೊದಲ ಪಂದ್ಯಕ್ಕೆ ನಾನು ಹೋದೆ. ಕರೆದುಕೊಂಡು ಹೋದವರು ನನ್ನ ಗಂಡನ ಗೆಳೆಯರೊಬ್ಬರು, ಅದೇ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು. ಮನೆಮಾತು ತಮಿಳು, ಜಗಳ ಮಾತ್ರ ಕನ್ನಡದಲ್ಲಿ. ಕೊನೆಯ ದಿನದ ಆಟ. ಅವರು ನನ್ನನ್ನು ಮೆಟ್ಟಿಲುಗಳ ಒಂದು ಮೂಲೆಗೆ ಕರೆದೊಯ್ದು, ಕರವಸ್ತ್ರದಿಂದ ಧೂಳು ಹೊಡೆದು ಕೂರಿಸಿದರು. "ಇಲ್ಲೇ ಅಕ್ಕಾ, ಅವನು ಕೂರ್ತಿದ್ದಿದ್ದು" ಎಂದರು. ಮೈದಾನ ನಾನು ಎಣಿಸಿದ್ದಕ್ಕಿಂತ ಹಸಿರಾಗಿತ್ತು, ಆಟಗಾರರು ಎಣಿಸಿದ್ದಕ್ಕಿಂತ ಚಿಕ್ಕದಾಗಿ ಕಂಡರು. ಪಕ್ಕದ ಕಲ್ಲಿನ ಮೇಲೆ ನನ್ನ ಚೀಲ ಇಟ್ಟೆ, ಅಲ್ಲಿ ಬೇರೆ ಯಾರೂ ಕೂರದಿರಲಿ ಎಂದು.

ಟೀ ವಿರಾಮ ಮುಗಿದು ಸ್ವಲ್ಪ ಹೊತ್ತಾಗಿತ್ತು. ಅವರು ಗಡಿಯಾರ ನೋಡಿಕೊಂಡು, "ಈ ಟೈಮಿಗೆ ಸರಿಯಾಗಿ ಎದ್ದುಬಿಡ್ತಿದ್ದ" ಎಂದರು.

"ಯಾರು? ಎಲ್ಲಿಗೆ?" ಎಂದೆ.

ಅವರು ನನ್ನನ್ನೇ ನೋಡಿದರು. "ನಿಮಗೆ ಗೊತ್ತಿಲ್ವಾ ಅಕ್ಕಾ? ಸ್ಟೇಷನ್ನಿಗೆ. ಆಟ ಮುಗಿಯೋಕೆ ಒಂದು ಗಂಟೆ ಮುಂಚೆ ಹೋಗಿ ಹೊರಗಡೆ ಬಸ್ ನಿಲ್ಲೋ ಕಡೆ ನಿಂತ್ಕೊತಿದ್ದ. ಇಳಿದೋರನ್ನೆಲ್ಲ ನಾಲ್ಕು ನಾಲ್ಕು ಜನ ಮಾಡಿ, ಚಿಲ್ಲರೆ ಕೂಡಿಸಿ, ಸಾಲು ಕಟ್ಟಿ, ತಾನೇ ಮುಂದೆ ನಿಂತು ಒಳಗೆ ಕರ್ಕೊಂಡು ಬರ್ತಿದ್ದ. ಸುಮ್ನೆ ಹೇಳಿದ್ರೆ ನಮ್ಮ ಜನ ಸಾಲು ನಿಲ್ತಾರಾ?"

"ಪ್ರತಿ ಸಲವೂ?"

"ಪ್ರತಿ ಸಲ. ಸರದಿ ಮೇಲೆ ಹೋಗೋಣ ಕಣೋ, ನೀನೂ ಒಂದಿನ ಪೂರ್ತಿ ನೋಡು ಅಂದ್ವಿ. ಬೇಡ ಮಾರಾಯ, ಒಳಗೆ ಕೂತಿರೋಳು ನನ್ನ ಹೆಂಡ್ತಿ, ಅವಳ ಕೈ ನಡುಗುತ್ತೆ ಅಂದ. ಕೊನೇಲಿ ಏನಾಯ್ತು ಅಂತ ರೈಲಲ್ಲಿ ನಮ್ಮನ್ನ ಕೇಳಿ ಕೇಳಿ ತಿಳ್ಕೊತಿದ್ದ. ನಿಮಗೆ ಹೇಳ್ಬೇಡಿ ಅಂತಲೂ ಹೇಳಿದ್ದ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎದುರಿಗೆ ನಿಲ್ಲಿಸಿಕೊಂಡು ಜಗಳವಾಡಬೇಕೆನಿಸಿತು. ನಿಮ್ಮನ್ನು ಯಾರು ಕೇಳಿದ್ದರು? ಕೈ ನಡುಗಿದ್ದು ಒಂದು ದಿನ, ನೀವು ಅಷ್ಟೂ ವರ್ಷ ಎದ್ದು ಬಂದಿರಲ್ಲ. ಮ್ಯಾಚೇ ಹೆಚ್ಚು ಎಂದು ನಾನು ಚುಚ್ಚಿದಾಗಲೂ ಬಾಯಿ ಬಿಡಲಿಲ್ಲವಲ್ಲ. ಕಿಟಕಿಗೆ ಇಡೀ ಊರೇ ಮುತ್ತಿದ್ದರೂ ನಾನು ಹೇಗೋ ಸುಧಾರಿಸುತ್ತಿದ್ದೆ, ನೀವು ಇಲ್ಲಿ ನೆಮ್ಮದಿಯಾಗಿ ಕೂತಿದ್ದೀರಿ ಎಂದು ಗೊತ್ತಿದ್ದರೆ ಸಾಕಿತ್ತು. ಇದನ್ನೆಲ್ಲ ಹೇಳಲು ಪಕ್ಕದಲ್ಲಿ ಇದ್ದದ್ದು ನನ್ನ ಚೀಲ ಮಾತ್ರ.

ಆಟ ಡ್ರಾ ಕಡೆಗೆ ತೆವಳುತ್ತಿತ್ತು. ಎರಡೂ ಕಡೆಯವರಿಗೆ ಉತ್ಸಾಹ ಹೋಗಿತ್ತು. ಬೌಲರ್ ಎಸೆಯುವುದು, ಬ್ಯಾಟ್ಸ್‌ಮನ್ ತಡೆಯುವುದು, ಚೆಂಡು ಅಲ್ಲೇ ಕಾಲ ಬುಡದಲ್ಲಿ ಬೀಳುವುದು, ಅಷ್ಟೇ. ಜನ ಒಬ್ಬೊಬ್ಬರಾಗಿ ಎದ್ದರು. ಆ ಗೆಳೆಯರು ಆಕಳಿಸಿ, "ಇನ್ನೇನಿಲ್ಲ ಅಕ್ಕಾ, ಬರೀ ಬೋರು. ಹೊರಟ್ರೆ ರೈಲು ಸಿಗುತ್ತೆ" ಎಂದರು.

"ರೈಲು ಹೋದ್ರೆ ಬಸ್ಸಿದೆ. ನಾನು ಏಳಲ್ಲ" ಎಂದೆ.

ಅವರೂ ಕೂತೇ ಇದ್ದರು. ಕೊನೆಯ ಚೆಂಡಿನವರೆಗೂ ನಾನು ಕಣ್ಣು ತೆಗೆಯಲಿಲ್ಲ. ಒಂದೂ ವಿಕೆಟ್ ಬೀಳಲಿಲ್ಲ, ಒಂದೂ ಬೌಂಡರಿ ಹೋಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಗಂಡ ಎದ್ದು ಬಂದ ಆ ಕೊನೆಯ ಗಂಟೆಗಳೆಲ್ಲ ಇಷ್ಟೇ ಸಪ್ಪೆಯಾಗಿದ್ದಿರಲಪ್ಪಾ ದೇವರೇ ಎಂದು ಬೇಡಿಕೊಂಡೆ.